ಆಮದು ಕಾರುಗಳ ತಯಾರಿ ಯಾರ್ಡಿಗೆ ಅಮೆರಿಕದಲ್ಲಿ ಫಾರಿನ್ ಟ್ರೇಡ್ ಝೋನ್ ಮಾನ್ಯತೆ: ಮೊದಲ ಲೆಕ್ಕದಿಂದ ಮೊದಲ ಹಡಗಿನವರೆಗೆ

ಬಾಲ್ಟಿಮೋರ್, ಬ್ರನ್ಸ್‌ವಿಕ್, ಜಾಕ್ಸನ್‌ವಿಲ್, ನ್ಯೂವಾರ್ಕ್. ಹೊರದೇಶದ ಕಾರುಗಳು ಅಮೆರಿಕದಲ್ಲಿ ಬಂದಿಳಿಯುವ ಬಂದರುಗಳು ಇವು. ರೋ-ರೋ ಹಡಗಿನಿಂದ (ಕಾರುಗಳನ್ನು ಓಡಿಸಿಕೊಂಡೇ ಹತ್ತಿಸಿ ಇಳಿಸುವ ಹಡಗು) ಇಳಿದ ಕಾರು ನೇರವಾಗಿ ಡೀಲರ್ ಹತ್ತಿರ ಹೋಗುವುದಿಲ್ಲ. ಬಂದರಿನ ಪಕ್ಕದಲ್ಲೇ ಇರುವ ತಯಾರಿ ಯಾರ್ಡಿಗೆ ಹೋಗುತ್ತದೆ. ಅಲ್ಲಿ ಬಾನೆಟ್ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು, ಬ್ಯಾಟರಿ ನೋಡಿ, ತೊಳೆದು, ಎಲ್ಲಾ ಪರೀಕ್ಷೆ ಮಾಡುತ್ತಾರೆ. ಫ್ಲೋರ್ ಮ್ಯಾಟ್, ವೀಲ್ ಲಾಕ್, ರೂಫ್ ರೇಲ್ ಹಾಕುತ್ತಾರೆ. ಪ್ರಯಾಣದಲ್ಲಿ ಆದ ಗೀರು, ತಗ್ಗು ಸರಿ ಮಾಡುತ್ತಾರೆ. ಆಮೇಲೆ ಲಾರಿಗೋ ರೈಲಿಗೋ ಹತ್ತಿಸುತ್ತಾರೆ. ಅಷ್ಟರಲ್ಲಿ ಕೆಲವು ಕಾರಿಗೆ ಒಂದು ವಾರ ಆಗಿರುತ್ತದೆ, ಕೆಲವಕ್ಕೆ ಎರಡು ತಿಂಗಳು.

ಈ ಯಾರ್ಡಿಗೆ ಫಾರಿನ್ ಟ್ರೇಡ್ ಝೋನ್ ಮಾನ್ಯತೆ ಸಿಕ್ಕರೆ ಅಷ್ಟೂ ದಿನ ಸುಂಕ ಕಟ್ಟಬೇಕಾಗಿಲ್ಲ. ಅಮೆರಿಕದ ಬಂದರು, ಲಾಜಿಸ್ಟಿಕ್ಸ್, ಕಸ್ಟಮ್ಸ್ ಬ್ರೋಕರಿಂಗ್ ಕೆಲಸದಲ್ಲಿರುವ ಕನ್ನಡಿಗರಿಗೆ ಅನುಕೂಲ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾನ್ಯತೆಯ ಪತ್ರ ಸಿಗುವುದು ಈ ಕೆಲಸದ ಸುಲಭದ ಭಾಗ. ಕಷ್ಟದ ಭಾಗ ಯಾರ್ಡಿನಲ್ಲಿದೆ. ಪ್ರತಿ ಕಾರು ಈ ಹೊತ್ತಿನಲ್ಲಿ ಎಲ್ಲಿದೆ ಅಂತ ಕಸ್ಟಮ್ಸ್ ಕೇಳಿದ ಕ್ಷಣ ಹೇಳಲು ಆಗಬೇಕು. ಅದು ಆಗದ ಯಾರ್ಡಿಗೆ ಝೋನ್ ಬೇಡ.

ಝೋನ್ ಅಂದರೆ ಏನು

1934ರ ಫಾರಿನ್ ಟ್ರೇಡ್ ಝೋನ್ಸ್ ಕಾಯ್ದೆ ಇದರ ಮೂಲ. ಝೋನಿನ ಜಾಗ ಅಮೆರಿಕದ ನೆಲವೇ. ಆದರೆ ಸುಂಕದ ಮಟ್ಟಿಗೆ ಅಲ್ಲಿರುವ ಸರಕು ಇನ್ನೂ ದೇಶದೊಳಗೆ ಬಂದಿಲ್ಲ ಅಂತ ಲೆಕ್ಕ. ಜಗಲಿಯ ಮೇಲೆ ಕೂತವರು ಇನ್ನೂ ಮನೆಯೊಳಗೆ ಬಂದಿಲ್ಲ ಅಲ್ವಾ, ಹಾಗೆ. ಕಾರು ಝೋನಿನಿಂದ ಅಮೆರಿಕದ ಮಾರುಕಟ್ಟೆಗೆ ಹೊರಟಾಗಲೇ ಸುಂಕ. ಮತ್ತೊಂದು ದೇಶಕ್ಕೆ ಹೋದರೆ ಅಮೆರಿಕದ ಸುಂಕ ಸಾಮಾನ್ಯವಾಗಿ ಇಲ್ಲ. ಕೆಟ್ಟು ಹೋದ ಕಾರನ್ನು ಕಸ್ಟಮ್ಸ್ ಅನುಮತಿ ಪಡೆದು ಝೋನಿನಲ್ಲೇ ನಾಶ ಮಾಡಿದರೂ ಅದರ ಸುಂಕ ಬೀಳುವುದಿಲ್ಲ.

ಭಾರತದ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಗೊತ್ತಿರುವವರು ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು. ನಮ್ಮ ಎಸ್‌ಇಝಡ್ ಘಟಕ ವಿದೇಶಿ ವಿನಿಮಯ ಗಳಿಸಿ ತೋರಿಸಬೇಕು. ಅಮೆರಿಕದ ಝೋನಿಗೆ ರಫ್ತಿನ ಷರತ್ತೇ ಇಲ್ಲ. ಬಂದ ಕಾರುಗಳೆಲ್ಲ ಅಮೆರಿಕದಲ್ಲೇ ಮಾರಾಟವಾದರೂ ತೊಂದರೆ ಇಲ್ಲ. ಆದರೆ ಝೋನ್ ಒಳಗೆ ಚಿಲ್ಲರೆ ವ್ಯಾಪಾರ ಮಾಡುವಂತಿಲ್ಲ. ಹಾಗಾಗಿ ಯಾರ್ಡಿನ ಮೂಲೆಯಲ್ಲಿ ಶೋರೂಮ್ ತೆರೆಯುವ ಯೋಚನೆ ಇದ್ದರೆ ಆ ಜಾಗವನ್ನು ಗಡಿಯಿಂದ ಹೊರಗಿಡಿ.

ಇಲ್ಲಿ ನಾಲ್ಕು ಜನರ ಜೊತೆ ವ್ಯವಹಾರ ಇರುತ್ತದೆ. ಮಾನ್ಯತೆ ಕೊಡುವುದು ವಾಷಿಂಗ್ಟನ್ನಿನ ಝೋನ್ ಬೋರ್ಡ್. ವಾಣಿಜ್ಯ ಕಾರ್ಯದರ್ಶಿ ಮತ್ತು ಖಜಾನೆ ಕಾರ್ಯದರ್ಶಿ ಅದರ ಸದಸ್ಯರು. ಒಂದು ಪ್ರದೇಶದ ಝೋನ್ ಹಕ್ಕು ಹೊಂದಿರುವ ಸಂಸ್ಥೆ ಗ್ರಾಂಟೀ. ಸಾಮಾನ್ಯವಾಗಿ ಬಂದರು ಪ್ರಾಧಿಕಾರವೋ ಸ್ಥಳೀಯ ಸರ್ಕಾರದ ಸಂಸ್ಥೆಯೋ ಗ್ರಾಂಟೀ ಆಗಿರುತ್ತದೆ. ಜಾಗ ನಡೆಸುವವರು ಆಪರೇಟರ್, ಅಂದರೆ ನೀವು. ದಿನದಿನದ ನಿಗಾ ಕಸ್ಟಮ್ಸ್‌ನದು.

ಮೊದಲು ಲೆಕ್ಕ

ಅರ್ಜಿ ಬರೆಯುವ ಮುಂಚೆ ಒಂದು ಹಾಳೆ ಲೆಕ್ಕ ಮಾಡಿ. ಎಷ್ಟೋ ಜನ ಇದನ್ನು ಬಿಟ್ಟು ನೇರ ಕನ್ಸಲ್ಟೆಂಟ್ ಹತ್ತಿರ ಹೋಗುತ್ತಾರೆ.

ಅಮೆರಿಕದಲ್ಲಿ ಪ್ಯಾಸೆಂಜರ್ ಕಾರಿನ ಸಾಮಾನ್ಯ ಸುಂಕ 2.5%. ಇದರ ಮೇಲೆ 2025ರ ಏಪ್ರಿಲ್ 3ರಿಂದ, ದೇಶದ ಭದ್ರತೆಯ ಹೆಸರಿನಲ್ಲಿ ಆಮದು ಸುಂಕ ಹಾಕಲು ಬಿಡುವ 232ನೇ ಸೆಕ್ಷನ್ ಅಡಿಯಲ್ಲಿ ಇನ್ನೂ 25% ಬಂತು. ಅದೇ ವರ್ಷ ಆದ ಒಪ್ಪಂದಗಳಿಂದ ಜಪಾನ್, ಯುರೋಪಿಯನ್ ಒಕ್ಕೂಟ, ದಕ್ಷಿಣ ಕೊರಿಯಾದ ಕಾರುಗಳಿಗೆ ಒಟ್ಟು ದರ 15%ಕ್ಕೆ ಇಳಿಯಿತು. ಬ್ರಿಟನ್‌ಗೆ ವರ್ಷಕ್ಕೆ 1,00,000 ಕಾರಿನವರೆಗೆ 10%. ಈ ದರಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಲೆಕ್ಕ ಹಾಕುವ ದಿನ ಹೊಸದಾಗಿ ನೋಡಿಕೊಳ್ಳಿ.

ಈಗ ಒಂದು ಕಾಲ್ಪನಿಕ ಯಾರ್ಡ್ ತೆಗೆದುಕೊಳ್ಳೋಣ. ಕಾರಿನ ಆಮದು ಬೆಲೆ 30,000 ಡಾಲರ್. ಯಾವಾಗ ನೋಡಿದರೂ ಯಾರ್ಡಿನಲ್ಲಿ 3,000 ಕಾರು ನಿಂತಿರುತ್ತವೆ. ಸುಂಕ 2.5% ಇದ್ದಾಗ ಕಾರಿಗೆ 750 ಡಾಲರ್, ಒಟ್ಟು 22.5 ಲಕ್ಷ ಡಾಲರ್. ಬಡ್ಡಿ ವರ್ಷಕ್ಕೆ 6% ಅಂದರೆ 1.35 ಲಕ್ಷ ಡಾಲರ್ ಉಳಿತಾಯ. ಝೋನ್ ನಡೆಸುವ ಸಾಫ್ಟ್‌ವೇರ್, ಸಿಬ್ಬಂದಿ, ಕಸ್ಟಮ್ಸ್‌ಗೆ ಕೊಡುವ ಖಾತರಿ ಬಾಂಡ್, ಗ್ರಾಂಟೀ ಶುಲ್ಕ ಎಲ್ಲ ಕಳೆದರೆ ಹೆಚ್ಚೇನೂ ಉಳಿಯದೇ ಹೋಗಬಹುದು. ಅದೇ ಸುಂಕ 15% ಆದರೆ ಕಾರಿಗೆ 4,500 ಡಾಲರ್, ಒಟ್ಟು 1.35 ಕೋಟಿ ಡಾಲರ್, ಬಡ್ಡಿ ಉಳಿತಾಯ 8.1 ಲಕ್ಷ ಡಾಲರ್. ಹಿಂದೆ ಝೋನ್ ಬೇಡ ಅಂತ ಬಿಟ್ಟಿದ್ದ ಯಾರ್ಡುಗಳು ಈಗ ಮತ್ತೆ ಯೋಚಿಸಲು ಕಾರಣ ಇದೇ.

ಆದರೆ ಉಳಿತಾಯವನ್ನು ಉಬ್ಬಿಸಬೇಡಿ. ಝೋನ್ ಇಲ್ಲದ ಆಮದುದಾರರೂ ತಿಂಗಳ ಸ್ಟೇಟ್‌ಮೆಂಟ್ ಪದ್ಧತಿಯಲ್ಲಿ ಮುಂದಿನ ತಿಂಗಳ 15ನೇ ಕೆಲಸದ ದಿನಕ್ಕೆ ಸುಂಕ ಕಟ್ಟಬಹುದು. ಝೋನಿನಿಂದ ಹೊರಟ ಕಾರಿಗೂ ಅದೇ ಪದ್ಧತಿ ಇದೆ. ಹಾಗಾಗಿ ಝೋನ್ ಕೊಡುವ ನಿಜವಾದ ಲಾಭ ಕಾರು ಯಾರ್ಡಿನಲ್ಲಿ ನಿಂತ ದಿನಗಳು ಮಾತ್ರ. ನಿಮ್ಮ ಕಾರು ಸರಾಸರಿ ಐದೇ ದಿನಕ್ಕೆ ಹೊರಡುತ್ತದೆ ಅಂದರೆ ಸುಮ್ನೆ ಈ ತಲೆನೋವು ಬೇಡ. ನಲವತ್ತೈದು, ಅರವತ್ತು ದಿನ ನಿಲ್ಲುತ್ತದೆ ಅಂದರೆ ಮುಂದೆ ಓದಿ.

ಕಸ್ಟಮ್ಸ್ ಸಂಸ್ಕರಣಾ ಶುಲ್ಕದ ಉಳಿತಾಯದ ಬಗ್ಗೆಯೂ ಕನ್ಸಲ್ಟೆಂಟ್‌ಗಳು ಜಾಸ್ತಿ ಹೇಳುತ್ತಾರೆ. ಅದು ಬೆಲೆಯ 0.3464%, ಆದರೆ ಒಂದು ಎಂಟ್ರಿಗೆ (ಸರಕು ದೇಶದೊಳಗೆ ತರಲು ಕಸ್ಟಮ್ಸ್‌ಗೆ ಸಲ್ಲಿಸುವ ಲೆಕ್ಕಪತ್ರ) ಕೆಲವು ನೂರು ಡಾಲರಿನ ಮಿತಿ ಇದೆ. ದಿನಕ್ಕೆ ಹತ್ತಾರು ಕಂಟೇನರ್ ಬರುವ ಗೋದಾಮಿಗೆ ವಾರಕ್ಕೊಂದೇ ಎಂಟ್ರಿ ಹಾಕುವುದು ದೊಡ್ಡ ಲಾಭ. ಒಂದೇ ಹಡಗಿನ ಸಾವಿರ ಕಾರನ್ನು ಒಂದೇ ಎಂಟ್ರಿಯಲ್ಲಿ ತೋರಿಸುವ ನಿಮಗೆ ಈಗಲೇ ಆ ಮಿತಿ ಸಿಗುತ್ತಿರುತ್ತದೆ. ಬಂದರು ನಿರ್ವಹಣಾ ಶುಲ್ಕ 0.125%. ಅದನ್ನು ಝೋನ್ ಮುಂದೂಡುವುದಿಲ್ಲ. ಕಾರು ಝೋನಿಗೆ ಸೇರಿದಾಗಲೇ ಅದು ಲೆಕ್ಕಕ್ಕೆ ಬರುತ್ತದೆ, ಮೂರು ತಿಂಗಳಿಗೊಮ್ಮೆ ಕಟ್ಟಬೇಕು.

ಯಾರ್ಡಿನಲ್ಲಿ ಮಾಡುವ ಕೆಲಸಗಳ ಪಟ್ಟಿ

ಇಲ್ಲಿ ಅವಸರ ಮಾಡಬೇಡಿ. ಯಾರ್ಡಿನ ಮೇಲ್ವಿಚಾರಕರ ಜೊತೆ ಕೂತು, ಕಾರಿಗೆ ಕೈ ಹಾಕುವ ಪ್ರತಿಯೊಂದು ಕೆಲಸವನ್ನೂ ಬರೆದುಕೊಳ್ಳಿ. ತೊಳೆಯುವುದು, ಪರೀಕ್ಷೆ, ಸ್ಟಿಕ್ಕರ್ ಅಂಟಿಸುವುದು, ಬಣ್ಣದ ರಿಪೇರಿ, ಸಾಫ್ಟ್‌ವೇರ್ ಅಪ್‌ಡೇಟ್, ಮ್ಯಾಟ್, ಟೋ ಹಿಚ್ (ಟ್ರೇಲರ್ ಎಳೆಯುವ ಕೊಂಡಿ), ಎಲ್ಲವನ್ನೂ.

ಕಾರಣ ಇದು. ಝೋನಿನಲ್ಲಿ ಸರಕನ್ನು ಇಡುವುದಕ್ಕೆ, ತೊಳೆಯುವುದಕ್ಕೆ, ಪರೀಕ್ಷಿಸುವುದಕ್ಕೆ ಬೋರ್ಡಿನ ವಿಶೇಷ ಅನುಮತಿ ಬೇಡ. ಆದರೆ ‘ಉತ್ಪಾದನೆ’ಗೆ ಬೇಕು. ನಿಯಮದ ಪ್ರಕಾರ ವಿದೇಶಿ ವಸ್ತು ಪೂರ್ತಿ ಬೇರೆಯದೇ ವಸ್ತುವಾದರೆ ಅದು ಉತ್ಪಾದನೆ. ಅದರ ಸುಂಕದ ವರ್ಗ ಬದಲಾದರೂ ಉತ್ಪಾದನೆಯೇ. ದೇಶದೊಳಗೆ ಬರುವ ಅರ್ಹತೆಯೇ ಇಲ್ಲದಿದ್ದ ವಸ್ತುವಿಗೆ ಅರ್ಹತೆ ಬಂದರೂ ಉತ್ಪಾದನೆಯೇ. ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದದ ದೀಪ ಇರುವ ಕಾರಿಗೆ ಯಾರ್ಡಿನಲ್ಲಿ ಸರಿಯಾದ ದೀಪ ಹಾಕುತ್ತೀರಿ ಅಂದುಕೊಳ್ಳಿ. ಅದು ಬರೀ ರಿಪೇರಿ ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಬೋರ್ಡ್ ಸಿಬ್ಬಂದಿಯನ್ನು ಕೇಳಿ.

ಬಿಡಿಭಾಗಗಳಲ್ಲೂ ಇದೇ ಸಿಕ್ಕು. ಸುಂಕ ಕಟ್ಟದ ವಿದೇಶಿ ಟೋ ಹಿಚ್ ಒಂದನ್ನು ಝೋನಿಗೆ ತಂದು ಕಾರಿಗೆ ಜೋಡಿಸಿದರೆ, ಬಿಡಿಭಾಗ ಅಂತ ಬಂದದ್ದು ಕಾರು ಅಂತ ಹೊರಗೆ ಹೋಗುತ್ತದೆ. ಸುಂಕದ ವರ್ಗ ಬದಲಾಯಿತು. ಇದಕ್ಕೆ ಉತ್ಪಾದನಾ ಸೂಚನೆ ಸಲ್ಲಿಸಬೇಕಾಗುತ್ತದೆ. ಪ್ರತಿ ಭಾಗದ ಸುಂಕ ವರ್ಗದ ಸಂಖ್ಯೆ ಕೊಡಬೇಕು, ಸಾರ್ವಜನಿಕ ಪ್ರಕಟಣೆ ಆಗುತ್ತದೆ, ಒಟ್ಟು ಪ್ರಕ್ರಿಯೆಗೆ 120 ದಿನ. ನನ್ನ ಸಲಹೆ ಸರಳ. ಬಿಡಿಭಾಗಗಳಿಗೆ ಮೊದಲೇ ಸುಂಕ ಕಟ್ಟಿ, ದೇಶೀಯ ಸ್ಥಿತಿಯಲ್ಲಿ ಝೋನಿಗೆ ತನ್ನಿ. ಮ್ಯಾಟು, ವೀಲ್ ಲಾಕಿನ ಸುಂಕ ಮುಂದೂಡಿ ಉಳಿಯುವ ಪುಡಿಗಾಸಿಗೆ ಇಷ್ಟು ಕಾಗದ ಓಡಿಸುವ ಅಗತ್ಯ ಬಹಳ ಯಾರ್ಡುಗಳಿಗೆ ಇಲ್ಲ.

ಬಂದರಿನ ಯಾರ್ಡಿನಲ್ಲಿ ಮಾಡುವ ಕೆಲಸ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಫೋರ್ಡ್ ಟ್ರಾನ್ಸಿಟ್ ಕನೆಕ್ಟ್ ಪ್ರಕರಣ ಓದಿ. ಅದು ಝೋನಿನ ಪ್ರಕರಣ ಅಲ್ಲ, ಆದರೂ ಪಾಠ ಇಲ್ಲಿಗೆ ಸಲ್ಲುತ್ತದೆ. ಸರಕು ಸಾಗಿಸುವ ವಾಹನಕ್ಕೆ ಅಮೆರಿಕದಲ್ಲಿ 1964ರಿಂದಲೂ 25% ಸುಂಕ. ಪ್ಯಾಸೆಂಜರ್ ವಾಹನಕ್ಕೆ ಆಗ 2.5% ಮಾತ್ರ. ಫೋರ್ಡ್ ಟರ್ಕಿಯಿಂದ ಈ ವ್ಯಾನುಗಳನ್ನು ಹಿಂದಿನ ಸೀಟಿನ ಸಮೇತ ತರಿಸಿ 2.5% ಕಟ್ಟುತ್ತಿತ್ತು. ಕಸ್ಟಮ್ಸ್ ದಾಟಿದ ಮೇಲೆ ಸೀಟು ಕಿತ್ತು ಸರಕಿನ ವ್ಯಾನ್ ಮಾಡುತ್ತಿತ್ತು. 2013ರಲ್ಲಿ ಕಸ್ಟಮ್ಸ್ ಇದನ್ನು ಒಪ್ಪಲಿಲ್ಲ. 2017ರಲ್ಲಿ ಕೆಳಗಿನ ಕೋರ್ಟಿನಲ್ಲಿ ಫೋರ್ಡ್ ಗೆದ್ದಿತು, 2019ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದರ ಮನವಿ ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಯಾರ್ಡಿನಲ್ಲಿ ಸೀಟು ಕೀಳುವ, ತಳ ಬದಲಿಸುವ, ಪಿಕಪ್ಪಿಗೆ ಏನಾದರೂ ಜೋಡಿಸುವ ಕೆಲಸ ಇದ್ದರೆ ಕಸ್ಟಮ್ಸ್ ವಕೀಲರಿಗೆ ಕೊಡುವ ಫೀಸು ವ್ಯರ್ಥ ಖರ್ಚಲ್ಲ.

ಗ್ರಾಂಟೀ ಜೊತೆ ಮಾತು, ಅರ್ಜಿ

ಅಮೆರಿಕದ ಐವತ್ತು ರಾಜ್ಯಗಳಲ್ಲೂ ಝೋನ್ ಇದೆ. ಹೊಸ ಝೋನ್ ಹುಟ್ಟಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬಾಲ್ಟಿಮೋರ್ ಸುತ್ತ 74ನೇ ಝೋನ್, ಬ್ರನ್ಸ್‌ವಿಕ್‌ನಲ್ಲಿ 144, ಜಾಕ್ಸನ್‌ವಿಲ್‌ನಲ್ಲಿ 64, ನ್ಯೂವಾರ್ಕ್-ಎಲಿಜಬೆತ್‌ನಲ್ಲಿ 49, ಕ್ಯಾಲಿಫೋರ್ನಿಯಾದ ಪೋರ್ಟ್ ವೈನೀಮಿಯಲ್ಲಿ 205. ನಿಮ್ಮ ಜಾಗ ಯಾವ ಗ್ರಾಂಟೀಯ ಸೇವಾ ಪ್ರದೇಶಕ್ಕೆ ಬರುತ್ತದೆ ಅಂತ ಬೋರ್ಡಿನ ಪಟ್ಟಿಯಲ್ಲಿ ನೋಡಿ, ಅವರಿಗೆ ಫೋನ್ ಮಾಡಿ. ಅವರ ಶುಲ್ಕದ ಪಟ್ಟಿ ಸಾರ್ವಜನಿಕ ದಾಖಲೆ. ಮೊದಲ ಮಾತುಕತೆಗೆ ಮುಂಚೆಯೇ ಅದನ್ನು ಓದಿಕೊಳ್ಳಿ.

ಗ್ರಾಂಟೀ ‘ಪರ್ಯಾಯ ಜಾಗ ಪದ್ಧತಿ’ಯಲ್ಲಿದ್ದರೆ ನಿಮ್ಮ ಅದೃಷ್ಟ. ಆಗ ನಿಮ್ಮ ಒಂದು ಕಂಪನಿಯ ಬಳಕೆಗೆ ಅಂತಲೇ ಯಾರ್ಡನ್ನು ಸೇರಿಸಬಹುದು. ಇದು ಸಣ್ಣ ಗಡಿ ಬದಲಾವಣೆ ಅನ್ನಿಸಿಕೊಳ್ಳುತ್ತದೆ, ಬೋರ್ಡ್ ಸಿಬ್ಬಂದಿಯ ನಿರ್ಧಾರಕ್ಕೆ ಸಾಮಾನ್ಯವಾಗಿ 30 ದಿನ. ಇನ್ನೊಂದು ದಾರಿ ಸಬ್‌ಝೋನ್, ಅಂದರೆ ಒಂದು ಕಂಪನಿಗೆ ಅಂತ ಬೇರೆಯಾಗಿ ಮಾನ್ಯತೆ ಪಡೆಯುವ ಉಪಝೋನ್. ಅದಕ್ಕೆ ಸಾರ್ವಜನಿಕ ಅಭಿಪ್ರಾಯದ ಅವಧಿ ಇರುವುದರಿಂದ ಹೆಚ್ಚು ಕಾಲ ಹಿಡಿಯುತ್ತದೆ. ತಯಾರಿ ಯಾರ್ಡಿಗೆ ಮೊದಲ ದಾರಿಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಮಾನ್ಯತೆ ಸಿಕ್ಕ ಮೂರು ವರ್ಷದೊಳಗೆ ಅಲ್ಲಿ ಝೋನ್ ಚಟುವಟಿಕೆ ಶುರುವಾಗಬೇಕು, ಇಲ್ಲದಿದ್ದರೆ ಅದು ತಾನಾಗಿ ಬಿದ್ದು ಹೋಗುತ್ತದೆ.

ಅರ್ಜಿಯಲ್ಲಿ ವಿಳಾಸ, ಎಕರೆ, ಗಡಿ ಗುರುತಿಸಿದ ನಕ್ಷೆ, ಜಾಗದ ಮೇಲೆ ನಿಮಗಿರುವ ಹಕ್ಕು, ಮಾಡುವ ಕೆಲಸದ ವಿವರ ಇರಬೇಕು. ಬೋರ್ಡಿಗೆ ಕಳಿಸುವವರು ಗ್ರಾಂಟೀ, ನೀವಲ್ಲ. ಗಡಿಯನ್ನು ಎಳೆಯುವಾಗ ಕಾರು ನಿಲ್ಲುವ ಜಾಗ, ವಾಷ್, ಬಾಡಿ ಶಾಪ್, ಪೆಟ್ರೋಲ್ ಬಂಕ್ ಎಲ್ಲ ಒಳಗೇ ಬರುವ ಹಾಗೆ ನೋಡಿಕೊಳ್ಳಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಜಾಸ್ತಿ ಸಮಯ ತಿನ್ನುವ ಕಾಗದ ಬೇರೆಯೇ ಇದೆ, ಅದು ಸ್ಥಳೀಯ ತೆರಿಗೆ ಸಂಸ್ಥೆಗಳ ಒಪ್ಪಿಗೆ ಪತ್ರ. ಝೋನಿನಲ್ಲಿರುವ ವಿದೇಶಿ ಸರಕಿಗೆ ರಾಜ್ಯ ಮತ್ತು ಸ್ಥಳೀಯ ಆಸ್ತಿ ತೆರಿಗೆ ಇಲ್ಲ ಅಂತ ಕೇಂದ್ರದ ಕಾನೂನೇ ಹೇಳುತ್ತದೆ. ದಾಸ್ತಾನಿನ ಮೇಲೆ ತೆರಿಗೆ ಹಾಕುವ ಟೆಕ್ಸಸ್‌ನಂಥ ರಾಜ್ಯದಲ್ಲಿ ಇದರಿಂದ ಕೌಂಟಿ, ನಗರ, ಶಾಲಾ ಜಿಲ್ಲೆಗಳ ಆದಾಯ ಕಡಿಮೆ ಆಗುತ್ತದೆ. ಆದ್ದರಿಂದ ಅವರಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಶಾಲಾ ಜಿಲ್ಲೆಯವರು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಮಕ್ಕಳ ಶಾಲೆಯ ದುಡ್ಡು ಅದು. ತೆರಿಗೆಯ ಬದಲು ಇಂತಿಷ್ಟು ಕೊಡುತ್ತೇವೆ ಅಂತ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಇದೆ. ಅದು ನ್ಯಾಯವೂ ಹೌದು. ಅವರ ಸಭೆಗಳು ತಿಂಗಳಿಗೊಂದೋ ಎರಡೋ ಇರುತ್ತವೆ, ಆದ್ದರಿಂದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಕಸ್ಟಮ್ಸ್ ಆಕ್ಟಿವೇಷನ್

ಬೋರ್ಡಿನ ಮಾನ್ಯತೆ ಬಂದ ಮಾತ್ರಕ್ಕೆ ಒಂದು ಕಾರನ್ನೂ ಝೋನಿಗೆ ಸೇರಿಸುವಂತಿಲ್ಲ. ಬಂದರಿನ ಕಸ್ಟಮ್ಸ್ ನಿರ್ದೇಶಕರು ಜಾಗವನ್ನು ಆಕ್ಟಿವೇಟ್ ಮಾಡಬೇಕು. ಯಾರ್ಡಿನ ನಕ್ಷೆ, ಮುಖ್ಯ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆಗೆ ಬೇಕಾದ ವಿವರ, ಆಪರೇಟರ್ ಬಾಂಡ್, ಕಾರ್ಯವಿಧಾನದ ಕೈಪಿಡಿ ಇವೆಲ್ಲ ಬೇಕು. ಅಧಿಕಾರಿಗಳು ಬಂದು ಬೇಲಿ, ಗೇಟು, ದೀಪ ಎಲ್ಲ ನೋಡುತ್ತಾರೆ.

ಕೈಪಿಡಿಯನ್ನು ಬೇರೆ ಯಾರ್ಡಿನಿಂದ ನಕಲು ಮಾಡಬೇಡಿ. ನಾಳೆ ಕಸ್ಟಮ್ಸ್ ತಪಾಸಣೆಗೆ ಬಂದಾಗ ನೀವು ಬರೆದದ್ದನ್ನೇ ನಿಮ್ಮ ಎದುರು ಇಟ್ಟು ಕೇಳುತ್ತಾರೆ. ಗೇಟಿನಲ್ಲಿ ಸ್ಕ್ಯಾನರ್ ಹಿಡಿಯುವವರು ನಿಜವಾಗಿ ಏನು ಮಾಡುತ್ತಾರೋ ಅದನ್ನೇ ಬರೆಯಿರಿ. ಕಾರಿನವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅಕ್ಕಿ, ಬಟ್ಟೆಯಂಥ ಸರಕಿಗೆ ಯಾವ ಲಾಟಿನದು ಯಾವುದು ಅಂತ ಲೆಕ್ಕ ಇಡುವುದು ಹರಸಾಹಸ. ಕಾರಿಗೆ 17 ಅಕ್ಷರದ ಚಾಸಿ ನಂಬರ್ ಹುಟ್ಟಿನಿಂದಲೇ ಇದೆ. ದಾಸ್ತಾನಿನ ಲೆಕ್ಕ ಪೂರ್ತಿ ಅದರ ಮೇಲೇ ನಿಲ್ಲಲಿ. ಹಡಗಿನಿಂದ ಇಳಿದಾಗ, ಗೇಟು ದಾಟಿದಾಗ, ವಾಷ್‌ಗೆ ಹೋದಾಗ, ಬಾಡಿ ಶಾಪಿಗೆ ಹೋದಾಗ, ಲಾರಿ ಹತ್ತಿದಾಗ, ಪ್ರತಿ ಸಲವೂ ಸ್ಕ್ಯಾನ್ ಆಗಲಿ.

ಕಾರು ಬರುವುದು, ಇರುವುದು, ಹೋಗುವುದು

ಕಾರನ್ನು ಝೋನಿಗೆ ಸೇರಿಸುವ ಅರ್ಜಿ ಕಸ್ಟಮ್ಸ್‌ನ 214ನೇ ಫಾರ್ಮ್, ಈಗ ಎಲೆಕ್ಟ್ರಾನಿಕ್ ರೂಪದಲ್ಲಿದೆ. ಇಲ್ಲಿ ಸರಕಿನ ಸ್ಥಿತಿಯನ್ನು ಹೇಳಬೇಕು. 232ರ ಸುಂಕ ಬೀಳುವ ಕಾರುಗಳನ್ನು ‘ಪ್ರಿವಿಲೆಜ್ಡ್ ಫಾರಿನ್’ ಸ್ಥಿತಿಯಲ್ಲೇ ತರಬೇಕು ಅಂತ 2025ರ ಆದೇಶದಲ್ಲಿ ಸ್ಪಷ್ಟವಾಗಿದೆ. ಈ ಸ್ಥಿತಿಯ ಸಾಮಾನ್ಯ ನಿಯಮ ಏನೆಂದರೆ ಸುಂಕದ ವರ್ಗ ಮತ್ತು ದರ ಆ ದಿನಕ್ಕೇ ಗಟ್ಟಿಯಾಗುತ್ತದೆ. ಮುಂದೆ ದರ ಏರಿದರೆ ನಿಮಗೆ ಲಾಭ. ಇಳಿದರೆ ಹಳೆಯ ದರದಲ್ಲೇ ಸಿಕ್ಕಿಕೊಳ್ಳುವ ಅಪಾಯ ಇದೆ. ದರ ಇಳಿಯುವ ಒಪ್ಪಂದದ ಮಾತುಕತೆ ನಡೆಯುತ್ತಿರುವಾಗ ಹಡಗು ಬಂತು ಅಂದರೆ, ಆ ಕಾರುಗಳನ್ನು ಝೋನಿಗೆ ಸೇರಿಸುವ ಮುಂಚೆ ಬ್ರೋಕರ್ ಜೊತೆ ಕೂತು ಮಾತಾಡಿ. ಬಾಂಡೆಡ್ ಗೋದಾಮಿನಲ್ಲಿ (ಸುಂಕ ಕಟ್ಟದ ಸರಕನ್ನು ಕಸ್ಟಮ್ಸ್ ನಿಗಾದಲ್ಲಿ ಇಡುವ ಗೋದಾಮು) ಹೊರತೆಗೆಯುವ ದಿನದ ದರ ನಡೆಯುತ್ತದೆ, ಆದರೆ ಅಲ್ಲಿ ಐದು ವರ್ಷದ ಮಿತಿ ಇದೆ, ಮಾಡುವ ಕೆಲಸಕ್ಕೂ ಮಿತಿ ಇದೆ. ಕೆಲವು ಹಡಗಿನ ಮಟ್ಟಿಗೆ ಅದೇ ವಾಸಿ ಅನ್ನಿಸಬಹುದು.

ಹಡಗು ನಿಮ್ಮ ಬಂದರಿಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. 2024ರ ಮಾರ್ಚ್ 26ರಂದು ಬಾಲ್ಟಿಮೋರಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹಡಗು ಬಡಿದು ಕುಸಿದಾಗ ಬಂದರಿನ ದಾರಿಯೇ ಮುಚ್ಚಿ, ಕಾರಿನ ಹಡಗುಗಳು ಬೇರೆ ಬಂದರುಗಳಿಗೆ ತಿರುಗಿದವು. ಬೇರೆ ಬಂದರಿನಿಂದ ಸುಂಕ ಕಟ್ಟದೆ ಬಾಂಡ್ ಮೇಲೆ ನಿಮ್ಮ ಝೋನಿಗೆ ಕಾರು ಸಾಗಿಸುವ ವಿಧಾನವನ್ನು ಕೈಪಿಡಿಯಲ್ಲಿ ಮೊದಲೇ ಬರೆದಿಡಿ.

ಒಳಗೆ ಬಂದ ಮೇಲೆ ಅತಿ ಹೆಚ್ಚು ಎಡವುವ ಜಾಗ ಗೇಟು. ಒಬ್ಬ ಹುಡುಗ ಕಾರಿಗೆ ಪೆಟ್ರೋಲ್ ಹಾಕಿಸಲು ರಸ್ತೆ ಆಚೆಯ ಬಂಕಿಗೆ ಹೋಗಿಬರುತ್ತಾನೆ. ಬ್ರೇಕ್ ಶಬ್ದ ಕೇಳಲು ಮೆಕ್ಯಾನಿಕ್ ಒಂದು ಸುತ್ತು ಹೊರಗೆ ಓಡಿಸುತ್ತಾರೆ. ಗೀರು ತೆಗೆಸಲು ಊರಿನ ಪೇಂಟರ್ ಹತ್ತಿರ ಕಳಿಸುತ್ತಾರೆ. ಅವರ ಪಾಲಿಗೆ ಇದು ದಿನದ ಕೆಲಸ. ಕಸ್ಟಮ್ಸ್ ಪಾಲಿಗೆ ಇದು ಅನುಮತಿ ಇಲ್ಲದೆ ಸರಕು ಹೊರಗೆ ಸಾಗಿಸಿದಂತೆ, ಬಾಂಡಿನ ಮೇಲೆ ದಂಡ ಬೀಳುತ್ತದೆ. ಬಂಕು, ಬಾಡಿ ಶಾಪು, ಓಡಿಸಿ ನೋಡುವ ದಾರಿ ಗಡಿಯ ಒಳಗಿರಲಿ ಅಂದದ್ದು ಇದಕ್ಕೇ. ಗೇಟಿನ ಕಾವಲಿನವರಿಗೆ, ಡ್ರೈವರ್‌ಗಳಿಗೆ, ತಾತ್ಕಾಲಿಕ ಕೆಲಸದವರಿಗೆ ಅವರವರ ಭಾಷೆಯಲ್ಲಿ ಇದನ್ನು ತಿಳಿಸಿ ಹೇಳಿ. ಯಾಕೆ ಅಂತ ಗೊತ್ತಾದರೆ ಅವರೇ ಕಾಯುತ್ತಾರೆ.

ಝೋನಿನೊಳಗೆ ಕಾರಿನ ಮೇಲೆ ಕೆಲಸ ಮಾಡುವುದಕ್ಕೂ ನಾಶ ಮಾಡುವುದಕ್ಕೂ 216ನೇ ಫಾರ್ಮಿನಲ್ಲಿ ಕಸ್ಟಮ್ಸ್ ಅನುಮತಿ ಬೇಕು. ದಿನವೂ ನಡೆಯುವ ತಯಾರಿ ಕೆಲಸಕ್ಕೆ ಪ್ರತಿ ಕಾರಿಗೂ ಬೇರೆ ಬೇರೆ ಕೇಳದೆ ಒಂದು ಅವಧಿಗೆ ಒಟ್ಟಾಗಿ ಕೇಳಬಹುದು.

ಹೊರಗೆ ಕಳಿಸಲು ವಾರದ ಎಂಟ್ರಿ ಅನುಕೂಲ. ವಾರದಲ್ಲಿ ಎಷ್ಟು ಕಾರು ಹೊರಡಬಹುದು ಅಂತ ಅಂದಾಜು ಕೊಟ್ಟು, ಆಮೇಲೆ ನಿಜವಾಗಿ ಹೋದ ಕಾರುಗಳ ಮೇಲೆ ಸುಂಕದ ಲೆಕ್ಕ ಕೊಡುವುದು. ಅಂದಾಜು ಮೀರುವ ಹಾಗಿದ್ದರೆ ಕಾರು ಗೇಟು ದಾಟುವ ಮುಂಚೆಯೇ ಹೆಚ್ಚುವರಿ ಅರ್ಜಿ ಹಾಕಬೇಕು. ತಿಂಗಳ ಕೊನೆಗೆ ಡೀಲರ್‌ಗಳ ಒತ್ತಡದಲ್ಲಿ ಲಾರಿ ಮೇಲೆ ಲಾರಿ ಹೊರಡುವಾಗ ತಪ್ಪುವುದು ಇಲ್ಲೇ. ಲೋಡಿಂಗ್ ಮಾಡುವವರ ಪರದೆಯ ಮೇಲೆ ವಾರದ ಮಿತಿಯಲ್ಲಿ ಇನ್ನೆಷ್ಟು ಬಾಕಿ ಇದೆ ಅಂತ ಕಾಣುತ್ತಿರಲಿ.

ವರ್ಷ ಮುಗಿದ 90 ದಿನದೊಳಗೆ ದಾಸ್ತಾನು ತಾಳೆ ನೋಡಿದ ವರದಿ ತಯಾರಾಗಬೇಕು. ಗ್ರಾಂಟೀ ಮೂಲಕ ಬೋರ್ಡಿಗೆ ವಾರ್ಷಿಕ ಅಂಕಿ ಅಂಶ ಹೋಗಬೇಕು. ಕಾರು ಝೋನಿನಿಂದ ಹೊರಟ ಮೇಲೂ ಐದು ವರ್ಷ ಕಾಗದ ಇಟ್ಟುಕೊಳ್ಳಬೇಕು.

ಆಕ್ಟಿವೇಷನ್‌ಗೆ ಮುಂಚೆ ಒಂದು ಹಡಗಿನ ಕಾರುಗಳ ಮೇಲೆ ತಾಲೀಮು ಮಾಡಿ. ಸುಂಕ ಎಂದಿನಂತೆ ಕಟ್ಟಿ, ಆದರೆ ಯಾರ್ಡಿನಲ್ಲಿ ಝೋನ್ ಇದ್ದ ಹಾಗೆಯೇ ಸ್ಕ್ಯಾನ್, ಲೆಕ್ಕ, ವಾರದ ಅಂದಾಜು ಎಲ್ಲವನ್ನೂ ನಡೆಸಿ. ಆಮೇಲೆ ಯಾರ್ಡಿಗೆ ಇಳಿದು ಕಾರು ಎಣಿಸಿ, ಸಿಸ್ಟಮ್ಮಿನ ಸಂಖ್ಯೆಯ ಜೊತೆ ಹೋಲಿಸಿ. ಒಂದು ಕಾರಿನ ವ್ಯತ್ಯಾಸ ಬಂದರೂ ಅದು ಎಲ್ಲಿ ಹೋಯಿತು ಅಂತ ಹುಡುಕಿ, ಆ ಕಂಡಿ ಮುಚ್ಚಿ, ಇನ್ನೊಂದು ಹಡಗಿನ ಮೇಲೆ ಮತ್ತೆ ನೋಡಿ. ಎರಡೂ ಸಂಖ್ಯೆ ತಾಳೆಯಾದ ಮೇಲೆ ಆಕ್ಟಿವೇಷನ್ ದಿನಾಂಕ ಕೇಳಿ.